ಚೈತ್ರದ ಕೊಟ್ಟಿಗೆ: ಮಲೆನಾಡಿನ ಸಣ್ಣ ಹಿಡುವಳಿಯಲ್ಲಿ ದನ, ಕೋಳಿ, ಜೇನು ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಕಳೆಯಿತೆಂದರೆ ಫೋನು ಶುರುವಾಗುತ್ತದೆ. ಬೆಂಗಳೂರು ಬಿಟ್ಟು ಊರಿಗೆ ಬಂದವರು, ಬರಬೇಕು ಅಂದುಕೊಂಡವರು, ಅಪ್ಪ ಅಮ್ಮನಿಗೆ ವಯಸ್ಸಾಯಿತು ಎಂದು ಕೊಟ್ಟಿಗೆಯ ಕೆಲಸ ಹೊತ್ತುಕೊಂಡವರು ಕೇಳುವುದೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳು. ಉತ್ತರಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದವು: ಒಂದೆರಡು ಎಕರೆ ಅಡಿಕೆ ತೋಟ, ಚೂರು ಗದ್ದೆ, ಹಿಂದುಗಡೆ ಗುಡ್ಡ, ಮನೆಗೆ ತಾಗಿದ ಕೊಟ್ಟಿಗೆ. ಬಯಲುಸೀಮೆಯವರು ಓದಿ, ಆದರೆ ಹುಲ್ಲು ನೀರಿನ ಲೆಕ್ಕ ನಿಮ್ಮದೇ ಹಾಕಿಕೊಳ್ಳಿ.

ವಸಂತ ಅಂದರೆ ನಿಮ್ಮ ಕಡೆ ಯಾವಾಗಿಂದ ಯಾವಾಗಿನ ತನಕ?

ಪಂಚಾಂಗದಲ್ಲಿ ಚೈತ್ರ, ವೈಶಾಖ. ಕೊಟ್ಟಿಗೆಯ ಲೆಕ್ಕದಲ್ಲಿ ಅದಕ್ಕೂ ಮುಂಚೆ. ಅಡಿಕೆ ಕೊಯ್ಲು ಮುಗಿದು, ಗದ್ದೆ ಒಣಗಿ, ಗುಡ್ಡದ ಹುಲ್ಲು ಹಳದಿಯಾದ ದಿನದಿಂದ ಮುಂಗಾರು ಹಿಡಿದು ಹೊಸ ಹುಲ್ಲು ದನದ ಬಾಯಿಗೆ ಸಿಗುವ ದಿನದ ತನಕ. ಅಂದರೆ ಫೆಬ್ರವರಿಯಿಂದ ಜೂನ್ ನಡುವಿನವರೆಗೆ. ಕಾಡು ಕೆಂಪು ಚಿಗುರು ಬಿಟ್ಟು ನೋಡಲು ಚೆಂದ ಇರುವುದೂ, ದನಕ್ಕೆ ಅತಿ ಕಡಿಮೆ ಮೇವು ಇರುವುದೂ ಒಂದೇ ಹೊತ್ತಿನಲ್ಲಿ. ಫೋಟೋ ನೋಡಿ ಬರುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂದು ದಿನ ಹೇಗಿರುತ್ತದೆ? ಎಷ್ಟು ಗಂಟೆಗೆ ಏಳಬೇಕು?

ಐದಕ್ಕೆ. ಹಾಲಿನ ಡೇರಿಗೆ ಕೊಡುವವರಾದರೆ ಇದರಲ್ಲಿ ರಿಯಾಯಿತಿ ಇಲ್ಲ. ಸಗಣಿ ಬಾಚಿ, ಹಿಂಡಿ ಕಲಸಿ, ಅಕ್ಕಚ್ಚು (ಅಕ್ಕಿ ತೊಳೆದ ನೀರು) ಬಿಸಿ ಮಾಡಿ ಕೊಟ್ಟು, ಕೆಚ್ಚಲು ತೊಳೆದು ಒರೆಸಿ, ಹಾಲು ಕರೆದು ಕ್ಯಾನು ಹೊರಡುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಆಮೇಲೆ ಕೋಳಿ ಗೂಡು ತೆಗೆಯುವುದು, ನಾಯಿಗೆ ಹಾಕುವುದು, ಗೋಬರ್ ಗ್ಯಾಸಿಗೆ ಸಗಣಿ ಕಲಸುವುದು. ಮನೆಯವರ ತಿಂಡಿ ಅದಾದ ಮೇಲೆ.

ಮಳೆಗಾಲಕ್ಕೂ ಈ ಕಾಲಕ್ಕೂ ಇರುವ ವ್ಯತ್ಯಾಸ ಮೇಯಲು ಬಿಡುವ ಹೊತ್ತಿನಲ್ಲಿ. ಹಾಲು ಕರೆದ ಕೂಡಲೇ ಬಿಟ್ಟು ಹನ್ನೊಂದರೊಳಗೆ ವಾಪಸ್ ಕಟ್ಟಬೇಕು. ಮಧ್ಯಾಹ್ನ ನೆರಳು, ನೀರು, ಒಣಹುಲ್ಲು. ಬಿಸಿಲು ಇಳಿದ ಮೇಲೆ ಇನ್ನೊಂದು ಸುತ್ತು ಬಿಡಬಹುದು, ಆದರೆ ಕತ್ತಲಾಗುವ ಮುಂಚೆ ಎಲ್ಲವೂ ಕೊಟ್ಟಿಗೆಯಲ್ಲಿರಬೇಕು. ಸಂಜೆ ಹಾಲು, ಸೊಳ್ಳೆಗೆ ಹೊಗೆ, ಮಲಗುವ ಮುಂಚೆ ಟಾರ್ಚ್ ಹಿಡಿದು ಒಂದು ಸುತ್ತು. ಆ ಕೊನೆಯ ಸುತ್ತು ಹಾಕದವರ ಮನೆಯಲ್ಲೇ ಹಗ್ಗ ಕಾಲಿಗೆ ಸುತ್ತಿಕೊಳ್ಳುವುದು ಎಂದು ಹಿರಿಯರು ಹೇಳುತ್ತಾರೆ. ನನ್ನ ಅನುಭವವೂ ಹಾಗೇ.

ನಮ್ಮದು ಎರಡು ಎಕರೆ. ಎಷ್ಟು ದನ ಸಾಕಬಹುದು?

ಆಗಸ್ಟಿನಲ್ಲಿ ಕೇಳಿದರೆ ಎಲ್ಲರೂ ಹತ್ತು ಅನ್ನುತ್ತಾರೆ, ಸುತ್ತ ಎಲ್ಲಿ ನೋಡಿದರೂ ಹಸಿರು. ನಾನು ಹೇಳುವುದು ಇಷ್ಟೇ: ಏಪ್ರಿಲ್ ತಿಂಗಳಲ್ಲಿ ನಿಮ್ಮ ಬಾವಿ ಮತ್ತು ಹುಲ್ಲಿನ ಗೊಣಬೆ (ಬಣವೆ) ಎಷ್ಟು ದನ ಸಾಕುತ್ತವೋ ಅಷ್ಟೇ ನಿಮ್ಮ ದನ. ಮಳೆಗಾಲದ ಹಸಿರು ನೋಡಿ ಕಟ್ಟಿದ ದನವನ್ನು ಬೇಸಿಗೆಯಲ್ಲಿ ಅರ್ಧ ಬೆಲೆಗೆ ಮಾರುವುದು ನಮ್ಮೂರುಗಳಲ್ಲಿ ಪ್ರತಿ ವರ್ಷ ಕಾಣುವ ವ್ಯವಹಾರ.

ಲೆಕ್ಕ ಹಾಕಿ ನೋಡಿ. ದನಕ್ಕೆ ದಿನಕ್ಕೆ ಬೇಕಾಗುವ ಒಟ್ಟು ಒಣ ಆಹಾರ ಅದರ ಮೈತೂಕದ ಶೇಕಡಾ 2.5ರಿಂದ 3. ನಾನೂರು ಕಿಲೋದ ಮಿಶ್ರತಳಿ ಹಸುವಿಗೆ 10ರಿಂದ 12 ಕಿಲೋ. ಹಿಂಡಿ, ಹಸಿಹುಲ್ಲು ಎಲ್ಲ ಕೊಟ್ಟ ಮೇಲೂ ದಿನಕ್ಕೆ ಆರು ಕಿಲೋ ಒಣಹುಲ್ಲು ಬೇಕು ಅಂತಿಟ್ಟುಕೊಳ್ಳಿ. ಫೆಬ್ರವರಿ ಒಂದರಿಂದ ಜೂನ್ ಹದಿನೈದರವರೆಗೆ 135 ದಿನ. ಒಂದು ಹಸುವಿಗೆ ಎಂಟು ಕ್ವಿಂಟಲ್ ದಾಟಿತು. ಮೂರು ಹಸು ಇದ್ದರೆ ಇಪ್ಪತ್ತನಾಲ್ಕು ಕ್ವಿಂಟಲ್. ಇಷ್ಟನ್ನು ಇಡಲು ನಿಮ್ಮಲ್ಲಿ ಮಳೆ ತಾಗದ ಜಾಗ ಇದೆಯೇ? ಮೇ ತಿಂಗಳಲ್ಲಿ ಗುಡುಗಿನ ಮಳೆಗೆ ನೆನೆದ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಹುಲ್ಲು ಗಬ್ಬದ ಹಸುವಿಗೆ ಹಾಕುವಂತಿಲ್ಲ.

ಹೊಸಬರಿಗೆ ನನ್ನ ಉತ್ತರ: ಹಾಲು ಕೊಡುವುದು ಒಂದು, ಗಬ್ಬ ಇರುವುದು ಒಂದು. ಒಂದು ಬತ್ತುವಾಗ ಇನ್ನೊಂದು ಕರೆಯುತ್ತದೆ. ಒಂದು ಪೂರ್ತಿ ಬೇಸಿಗೆ ಕಳೆದ ಮೇಲೆ ಮೂರನೆಯದರ ಮಾತು.

ನಾಡತಳಿಯಾದ ಮಲೆನಾಡು ಗಿಡ್ಡವೋ, ಜರ್ಸಿ ಅಥವಾ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯೋ?

ಡೇರಿಗೆ ಹಾಲು ಹಾಕಿ ಸಾಲ ತೀರಿಸಬೇಕಾದವರಿಗೆ ಗಿಡ್ಡ ಸಾಕಿ ಎಂದು ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗಿಡ್ಡದ ಹಾಲು ಹೊತ್ತಿಗೆ ಒಂದು, ಒಂದೂವರೆ ಲೀಟರು. ಕರುವಿಗೆ ಬಿಟ್ಟು ಮನೆಯ ಕಾಫಿ ಮೊಸರಿಗೆ ಸಾಕಾಗುತ್ತದೆ, ಅಷ್ಟೇ. ಆದರೆ ಅದರ ಮೈತೂಕವೂ ಮಿಶ್ರತಳಿಯ ಮೂರನೇ ಒಂದು ಪಾಲಿಗಿಂತ ಹೆಚ್ಚಿಲ್ಲ. ಗುಡ್ಡದ ಒರಟು ಹುಲ್ಲು, ಸೊಪ್ಪು ತಿಂದುಕೊಂಡು ಬರುತ್ತದೆ, ಬಿಸಿಲಿಗೆ ನಾಲಿಗೆ ಹೊರಹಾಕುವುದಿಲ್ಲ, ಉಣುಗಿನಿಂದ (ರಕ್ತ ಹೀರುವ ಉಣ್ಣೆ) ಬರುವ ಕೆಂಪು ಮೂತ್ರದ ಜ್ವರಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಗಂಟು ಬೀಳುವುದು ಬೇಲಿಯ ವಿಷಯದಲ್ಲಿ. ಗಿಡ್ಡ ಹಾರದ ಬೇಲಿಯನ್ನು ಯಾರೂ ಇನ್ನೂ ಕಟ್ಟಿಲ್ಲ. ಪಕ್ಕದ ಮನೆಯವರ ತರಕಾರಿ ಹಿತ್ತಲು ಹೊಕ್ಕ ದಿನ ತಳಿಯ ಹೆಮ್ಮೆಯೆಲ್ಲ ಇಳಿದುಹೋಗುತ್ತದೆ.

ಮನೆ ಬಳಕೆಗೆ ಮತ್ತು ತೋಟದ ಗೊಬ್ಬರಕ್ಕೆ ಗಿಡ್ಡ. ಹಾಲಿನ ದುಡ್ಡಿಗೆ ಜರ್ಸಿ ಮಿಶ್ರತಳಿ. ಎಚ್ಎಫ್ ನಮ್ಮ ಬೇಸಿಗೆಗೆ ಒದ್ದಾಡುತ್ತದೆ. ಫ್ಯಾನು, ಪೈಪು ನೀರು ಇಲ್ಲದ ಕೊಟ್ಟಿಗೆಗೆ ಅದನ್ನು ತರಬೇಡಿ.

ಹುಲ್ಲು ಏಪ್ರಿಲ್‌ನಲ್ಲೇ ಮುಗಿದರೆ ಏನು ಗತಿ?

ಶಿಕಾರಿಪುರ, ಹೊನ್ನಾಳಿ, ದಾವಣಗೆರೆ ಕಡೆಯ ಭತ್ತದ ಹುಲ್ಲು ಲಾರಿಯಲ್ಲಿ ಬರುತ್ತದೆ. ಜನವರಿಯಲ್ಲಿ ಕೊಂಡವರಿಗೂ ಏಪ್ರಿಲ್‌ನಲ್ಲಿ ಕೊಂಡವರಿಗೂ ಬೆಲೆಯಲ್ಲಿ ಬಹಳ ಅಂತರ. ಭದ್ರಾ ಅಚ್ಚುಕಟ್ಟಿನ ಬೇಸಿಗೆ ಬೆಳೆ ಕೊಯ್ಲಾದಾಗ ಸ್ವಲ್ಪ ಇಳಿಯುವುದುಂಟು, ಆದರೆ ಚಾನೆಲ್‌ಗೆ ನೀರು ಬಿಡದ ವರ್ಷ ಆ ಬೆಳೆಯೇ ಇರುವುದಿಲ್ಲ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಂದು ಲೋಡು ತರಿಸುವುದು ಜಾಣತನ. ಇಳಿಸುವಾಗ ಹುಲ್ಲಿನ ನಡುವಿಗೆ ಕೈಹಾಕಿ ಮೂಸಿ ನೋಡಿ. ಮೇಲಿನ ಸಾಲು ಯಾವಾಗಲೂ ಚೆನ್ನಾಗೇ ಇರುತ್ತದೆ.

ತೋಟದ ಕಪ್ಪಿನ (ನೀರು ಬಸಿಯುವ ಕಾಲುವೆ) ಬದಿಯಲ್ಲಿ ಸಿಒ-3, ಸಿಒ-4 ನೇಪಿಯರ್ ಹುಲ್ಲಿನ ಕಡ್ಡಿ ಊರಿದ್ದರೆ ಈಗ ಅದೇ ಆಧಾರ. ಗೊನೆ ಕಡಿದ ಬಾಳೆಯ ದಿಂಡು ಕೊಚ್ಚಿ ಹಾಕಬಹುದು, ಆದರೆ ಅದರಲ್ಲಿರುವುದು ಬಹುಪಾಲು ನೀರು. ಹೊಟ್ಟೆ ತುಂಬಿಸುತ್ತದೆ, ಹಾಲು ಹೆಚ್ಚಿಸುವುದಿಲ್ಲ. ಹಸಿವಿಗೆ ದನ ಲಂಟಾನ ಗಿಡಕ್ಕೂ ಬಾಯಿ ಹಾಕುತ್ತದೆ, ಇದರ ಬಗ್ಗೆ ಎಚ್ಚರ. ಲಂಟಾನ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಬಿದ್ದ ಕಡೆ ಚರ್ಮ ಸುಲಿಯುತ್ತದೆ. ಮೇವು ಇಲ್ಲದ ಗುಡ್ಡಕ್ಕೆ ಹಸಿದ ದನ ಬಿಡುವುದಕ್ಕಿಂತ ಕಟ್ಟಿಹಾಕಿ ಎರಡು ಹಿಡಿ ಒಣಹುಲ್ಲು ಹಾಕುವುದು ಲೇಸು.

ನೀರಿನ ಮೇಲೆ ತೇಲುವ ಸಣ್ಣ ಗಿಡ, ಅಜೋಲಾ?

ನೆರಳು, ನೀರು, ದಿನಾ ನೋಡಿಕೊಳ್ಳುವ ಕೈ ಇದ್ದರೆ ಬೆಳೆಯುತ್ತದೆ. ಆ ಮೂರೂ ಏಪ್ರಿಲ್‌ನಲ್ಲಿ ನಮಗೆ ಕಡಿಮೆ. ಕೋಳಿಗೆ ಒಳ್ಳೆಯದು. ದನದ ಹೊಟ್ಟೆಗೆ ಅದೇ ಪರಿಹಾರ ಎಂದು ಮಾತಾಡುವವರ ಕೊಟ್ಟಿಗೆಯನ್ನು ಒಮ್ಮೆ ನೋಡಿಕೊಂಡು ಬನ್ನಿ.

ಬೇಸಿಗೆಯಲ್ಲಿ ಎಷ್ಟು ನೀರು ಕುಡಿಸಬೇಕು?

ದೊಡ್ಡ ಹಸುವಿಗೆ ದಿನಕ್ಕೆ 50ರಿಂದ 60 ಲೀಟರು ಕನಿಷ್ಠ. ಹಾಲು ಕೊಡುವುದಕ್ಕೆ ಪ್ರತಿ ಲೀಟರು ಹಾಲಿಗೆ ಇನ್ನೂ ನಾಲ್ಕೈದು ಲೀಟರು ಸೇರಿಸಿ. ಬೆಳಗ್ಗೆ ಸಂಜೆ ಮಾತ್ರ ಬಕೆಟ್ ಇಡುವ ಪದ್ಧತಿ ಮಳೆಗಾಲಕ್ಕೆ ನಡೆಯುತ್ತದೆ, ಈಗ ನಡೆಯುವುದಿಲ್ಲ. ಮಧ್ಯಾಹ್ನವೂ ಮುಂದೆ ನೀರಿರಬೇಕು. ಹಾಲು ಏಕಾಏಕಿ ಇಳಿಯಿತು ಎಂದು ಹಿಂಡಿ ಹೆಚ್ಚು ಮಾಡುವವರು ಮೊದಲು ನೀರು ಹೆಚ್ಚು ಮಾಡಿ ನೋಡಲಿ. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಇರುವ ಮನೆಗಳೇ ಪುಣ್ಯವಂತರು, ಅದೂ ಮಾರ್ಚ್ ಕೊನೆಗೆ ದಾರದಷ್ಟು ಸಣ್ಣಗಾಗುತ್ತದೆ. ಎಮ್ಮೆಗೆ ಕುಡಿಯುವ ನೀರಿನ ಜೊತೆ ಮೈಗೂ ನೀರು ಬೇಕು: ಕೆರೆಗೆ ಹೊಡೆಯಿರಿ, ಇಲ್ಲವಾದರೆ ದಿನಕ್ಕೆ ಎರಡು ಸಲ ಮೈಮೇಲೆ ಹೊಯ್ಯಿರಿ.

ಎಮ್ಮೆ ಬೆದೆಗೇ ಬರುತ್ತಿಲ್ಲ. ರೋಗವೇ?

ಹೆಚ್ಚಿನ ಸಲ ಅಲ್ಲ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಮಂಕು. ಬಂದರೂ ಕೂಗುವುದಿಲ್ಲ, ರಾತ್ರಿಯೇ ಬಂದು ಹೋಗಿರುತ್ತದೆ. ಸೋರುವ ಲೋಳೆಯನ್ನು ಬೆಳಗಿನ ಜಾವ ನೋಡಬೇಕು. ಹಸುವಿಗೂ ಎಮ್ಮೆಗೂ ಸುತ್ತು ಸುಮಾರು 21 ದಿನ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿ.

ದರಕು (ಉದುರಿದ ಒಣ ಎಲೆ) ಗುಡಿಸಲು ಕಾಡಿಗೆ ಹೋಗಬಹುದೇ? ಮಂಗನ ಕಾಯಿಲೆ ಅಂತ ಹೆದರಿಸುತ್ತಾರೆ.

ಹೆದರಿಸುವುದರಲ್ಲಿ ತಪ್ಪಿಲ್ಲ. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಜಗತ್ತಿಗೆ ಗೊತ್ತಿರುವ ಈ ಜ್ವರ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ. 2019ರ ಬೇಸಿಗೆಯಲ್ಲಿ ಸಾಗರ ತಾಲೂಕಿನ ಅರಳಗೋಡಿನ ಮನೆಗಳು ಪಟ್ಟ ಪಾಡನ್ನು ಈ ಕಡೆಯ ಯಾರೂ ಮರೆತಿಲ್ಲ.

ಕಾಯಿಲೆ ಹರಡುವುದು ಉಣುಗಿನಿಂದ. ಮನುಷ್ಯರಿಗೆ ಕಚ್ಚಿ ಅಂಟಿಸುವುದು ಹೆಚ್ಚಾಗಿ ಅದರ ಮರಿ ಹಂತ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಆ ಮರಿಗಳು ಹೆಚ್ಚಾಗಿರುವುದು ನವೆಂಬರ್‌ನಿಂದ ಮೇ ತನಕ, ನೆಲದ ಒಣ ಎಲೆಯಲ್ಲಿ. ನಾವು ಕೊಟ್ಟಿಗೆಗೆ ಹಾಸಲು ಎಲೆ ಗುಡಿಸುವುದೂ ಅದೇ ತಿಂಗಳುಗಳಲ್ಲಿ, ಅದೇ ಎಲೆಯನ್ನು. ದನಕ್ಕೆ ಈ ಕಾಯಿಲೆ ಬಂದು ಮಲಗುವುದಿಲ್ಲ. ಆದರೆ ದೊಡ್ಡ ಉಣುಗು ಬೆಳೆಯುವುದು, ಮೊಟ್ಟೆ ಇಡುವಷ್ಟು ರಕ್ತ ಕುಡಿಯುವುದು ದನದ ಮೈಯಲ್ಲೇ. ಹಾಗಾಗಿ ಕಾಡಿಗೆ ಹೋಗುವ ದನ ಇರುವ ಮನೆಯವರು ನಮಗೇನಾಗಲ್ಲ ಎಂದು ಕೂರುವಂತಿಲ್ಲ.

ಮಾಡಬೇಕಾದ್ದು: ಮಂಗ ಸತ್ತ ಸುದ್ದಿ ಇರುವ ಕಡೆ ಆ ವರ್ಷ ಕಾಲಿಡಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಅವರು ಸುತ್ತ ಉಣುಗು ಸಾಯುವ ಪುಡಿ ಹೊಡೆಸುತ್ತಾರೆ. ಹೋಗಲೇಬೇಕಾದರೆ ಉದ್ದ ತೋಳು, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲು ಕುತ್ತಿಗೆಗೆ ಹಚ್ಚಿಕೊಳ್ಳಿ. ಅದರ ಪರಿಣಾಮ ಕೆಲವು ಗಂಟೆ ಮಾತ್ರ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ದರಕಿನ ಹೊರೆಯ ಮೇಲೆ ಕೂತು ಎಲೆಯಡಿಕೆ ಹಾಕುವ ಅಭ್ಯಾಸವನ್ನು ಬಿಡಿ. ಕಾಡಿಗೆ ಹೋಗಿಬಂದ ವಾರದೊಳಗೆ ಏಕಾಏಕಿ ಜ್ವರ, ತಲೆ ಸೀಳುವ ನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ, ಅದನ್ನು ಹಾಕಿಸಿಕೊಂಡಿದ್ದೆ ಎಂಬ ಧೈರ್ಯ ಈಗ ಬೇಡ.

ದರಕಿಗೆ ಬದಲಿ ಇದೆಯೇ ಎಂದರೆ, ತೋಟದೊಳಗಿನ ಅಡಿಕೆ ಸೋಗೆ ಕೊಚ್ಚಿ ಹಾಸಬಹುದು. ಕೆಲಸ ಜಾಸ್ತಿ, ಗೊಬ್ಬರ ನಿಧಾನ. ಆದರೂ ಮಂಗ ಸತ್ತ ವರ್ಷ ಅದೇ ಸರಿ.

ದನದ ಮೈಮೇಲಿನ ಉಣುಗು ತೆಗೆಯುವುದು ಹೇಗೆ?

ಕಿತ್ತು ಕೊಟ್ಟಿಗೆಯ ಮೂಲೆಗೆ ಎಸೆಯಬೇಡಿ, ಅಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಸೀಮೆಎಣ್ಣೆಯ ಡಬ್ಬಿಗೆ ಹಾಕಿ ಅಥವಾ ಸುಡಿ. ಕೈಗೆ ಗ್ಲೌಸ್ ಇರಲಿ, ಬೆರಳಲ್ಲಿ ಹಿಸುಕಬೇಡಿ. ಬೆನ್ನಮೇಲೆ ಹೊಯ್ಯುವ ಔಷಧಿ, ಇಂಜೆಕ್ಷನ್ ಎರಡೂ ಇವೆ. ಯಾವುದಾದರೂ ಪಶುವೈದ್ಯರನ್ನು ಕೇಳಿಯೇ ಬಳಸಿ, ಏಕೆಂದರೆ ಕೆಲವಕ್ಕೆ ಇಷ್ಟು ದಿನ ಹಾಲು ಬಳಸಬಾರದು ಎಂಬ ನಿಯಮ ಇದೆ. ಕೊಟ್ಟಿಗೆಯ ಗೋಡೆಯ ಬಿರುಕು ಮುಚ್ಚುವುದು, ಸುಣ್ಣ ಬಳಿಯುವುದು ಔಷಧಿಯಷ್ಟೇ ಮುಖ್ಯ. ಕೊಟ್ಟಿಗೆಯ ಸುತ್ತ ಕೋಳಿ ಬಿಟ್ಟರೆ ಅವೂ ಹೆಕ್ಕಿ ತಿನ್ನುತ್ತವೆ.

ಮಿಶ್ರತಳಿಗೆ ಜ್ವರ ಬಂದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣವಾದರೆ ಅದು ಉಣುಗಿನ ಜ್ವರ. ನಾಳೆ ನೋಡೋಣ ಅನ್ನುವ ಕಾಯಿಲೆ ಅಲ್ಲ ಅದು. 1962ಕ್ಕೆ ಫೋನ್ ಮಾಡಿದರೆ ಪಶು ಆಂಬ್ಯುಲೆನ್ಸ್ ಬರುತ್ತದೆ. ನೆಟ್‌ವರ್ಕ್ ಸಿಗುವ ದಿಬ್ಬ ಯಾವುದೆಂದು ಮೊದಲೇ ಗೊತ್ತಿರಲಿ.

ಹಸು ಈ ತಿಂಗಳು ಕರು ಹಾಕುತ್ತದೆ. ಮೊದಲ ಸಲ. ಏನು ಸಿದ್ಧತೆ?

ಹಸುವಿಗೆ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಗೆ 310ರ ಆಸುಪಾಸು. ಕೊನೆಯ ಎರಡು ತಿಂಗಳು ಹಾಲು ಬತ್ತಿಸಿರಬೇಕು. ದಿನ ಹತ್ತಿರ ಬಂದಾಗ ಕೆಚ್ಚಲು ಬಿಗಿಯುತ್ತದೆ, ಬಾಲದ ಬುಡದ ಎರಡೂ ಬದಿ ಗುಳಿ ಬೀಳುತ್ತದೆ. ಆಮೇಲೆ ಗುಡ್ಡಕ್ಕೆ ಬಿಡಬೇಡಿ. ಕಾಡಿನಲ್ಲಿ ಕರು ಹಾಕಿದ ಹಸುವನ್ನು ರಾತ್ರಿ ಹುಡುಕುವ ಕೆಲಸ ಯಾರಿಗೂ ಬೇಡ.

ಒಣಗಿದ ಹಾಸಿಗೆ, ಬೆಳಕು, ಬಿಸಿನೀರು, ಟಿಂಚರ್ ಅಯೋಡಿನ್, ಹಳೆಯ ಹತ್ತಿ ಬಟ್ಟೆ ಇಷ್ಟಿದ್ದರೆ ಸಾಕು. ನೀರಚೀಲ ಒಡೆದ ಮೇಲೆ ಮುಂಗಾಲೆರಡು ಮತ್ತು ಮೂತಿ ಕಾಣಿಸಬೇಕು. ಒಂದೇ ಕಾಲು ಕಂಡರೆ, ಬಾಲ ಕಂಡರೆ, ಗಂಟೆಗಟ್ಟಲೆ ಮುಕ್ಕಿದರೂ ಮುಂದುವರಿಯದಿದ್ದರೆ ನೀವು ಎಳೆಯಬೇಡಿ, ಡಾಕ್ಟರನ್ನು ಕರೆಸಿ. ಊರ ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆದು ಹಸುವನ್ನೇ ಕಳೆದುಕೊಂಡ ಮನೆಗಳಿವೆ.

ಕರು ಬಿದ್ದ ಮೇಲೆ ಮೂಗು ಬಾಯಿಯ ಲೋಳೆ ಒರೆಸಿ, ಉಳಿದದ್ದನ್ನು ತಾಯಿಗೆ ನೆಕ್ಕಲು ಬಿಡಿ. ಹೊಕ್ಕುಳಿಗೆ ಅಯೋಡಿನ್. ಇನ್ನು ಮುಖ್ಯ ಮಾತು: ಮಾಸು (ಕರುವಿನ ಹಿಂದೆ ಬೀಳುವ ಕಸ) ಬೀಳುವ ತನಕ ಹಾಲು ಕರೆಯಬಾರದು, ಕರುವಿಗೆ ಕುಡಿಸಬಾರದು ಎಂದು ಹೇಳುವ ಅಜ್ಜಿ ಪ್ರತಿ ಊರಿನಲ್ಲೂ ಇದ್ದಾರೆ. ಅವರ ಕಾಲಿಗೆ ನಮಸ್ಕಾರ ಮಾಡಿ, ಮಾತು ಮಾತ್ರ ಕೇಳಬೇಡಿ. ಗಿಣ್ಣು ಹಾಲು ಒಂದೆರಡು ಗಂಟೆಯೊಳಗೆ ಕರುವಿನ ಹೊಟ್ಟೆಗೆ ಹೋಗಬೇಕು. ಅದರಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಹುಟ್ಟಿದ ಮೊದಲ ಗಂಟೆಗಳಲ್ಲಿ. ಹೊತ್ತು ಹೋದಂತೆ ಆ ಬಾಗಿಲು ಮುಚ್ಚುತ್ತದೆ. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕಿಲೋದ ಕರುವಿಗೆ ಎರಡೂವರೆ ಲೀಟರು, ಎರಡು ಮೂರು ಸಲಕ್ಕೆ ಹಂಚಿ. ಕರು ಕುಡಿದರೆ ಮಾಸು ಬೀಳಲೂ ಅನುಕೂಲವೇ. ಗಿಣ್ಣದ ಆಸೆಗೆ ನೆಂಟರು ಪಾತ್ರೆ ಹಿಡಿದು ಬರುತ್ತಾರೆ, ಕರುವಿನ ಪಾಲು ತೆಗೆದಿಟ್ಟು ಉಳಿದದ್ದನ್ನು ಕೊಡಿ.

ಮಾಸು ಸಾಮಾನ್ಯವಾಗಿ ಹನ್ನೆರಡು ಗಂಟೆಯೊಳಗೆ ಬೀಳುತ್ತದೆ. ಬೀಳದಿದ್ದರೆ ಕಲ್ಲು ಕಟ್ಟಿ ತೂಗುಬಿಡುವುದು, ಎಳೆಯುವುದು ಬೇಡ. ಹೆಚ್ಚು ಹಾಲಿನ ಹಸು ಕರು ಹಾಕಿದ ಒಂದೆರಡು ದಿನದಲ್ಲಿ ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿಬಿಟ್ಟರೆ ಅದು ಹಾಲು ಜ್ವರ. ಹೆಸರಲ್ಲಿ ಜ್ವರ ಇದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದ ಕ್ಯಾಲ್ಸಿಯಂ ಇಳಿದಿರುತ್ತದೆ. ಡಾಕ್ಟರು ಬಾಟಲಿ ಏರಿಸಿದರೆ ಕಣ್ಣೆದುರಿಗೇ ಎದ್ದು ನಿಲ್ಲುತ್ತದೆ.

ಗಂಡು ಕರು ಹುಟ್ಟಿತು. ಏನು ಮಾಡುವುದು?

ಕಷ್ಟದ ಪ್ರಶ್ನೆ. ಉಳುಮೆಗೆ ಟಿಲ್ಲರ್ ಬಂದಿದೆ. ಜಾನುವಾರು ಹತ್ಯೆ ನಿಷೇಧ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಮಿಶ್ರತಳಿ ಗಂಡು ಕರು ಕೊಳ್ಳುವವರು ಹಳ್ಳಿಯಲ್ಲಿ ಸಿಗುವುದು ಅಪರೂಪ. ಹಾಲು ಬಿಡಿಸಿ ಸಾಯಲು ಬಿಡುವುದು, ರಾತ್ರಿ ಪೇಟೆಯ ರಸ್ತೆಗೆ ಬಿಟ್ಟು ಬರುವುದು ನಡೆಯುತ್ತಿದೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆಣ್ಣು ಕರುವೇ ಹುಟ್ಟುವ ಸಾಧ್ಯತೆ ಶೇಕಡಾ 90ರಷ್ಟಿರುವ ಲಿಂಗ ನಿರ್ಧರಿತ ವೀರ್ಯ ಈಗ ಸಿಗುತ್ತದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹುಟ್ಟಿದ್ದನ್ನು ಸಾಕುವುದಾದರೆ ಸಗಣಿ, ಗಂಜಳದ ಲೆಕ್ಕದಲ್ಲಿ ತೋಟಕ್ಕೆ ಜಮಾ ಹಾಕಿಕೊಳ್ಳಿ. ಎಷ್ಟು ದನ ಎಂಬ ಲೆಕ್ಕದಲ್ಲಿ ಇದನ್ನೂ ಸೇರಿಸಿ ಎನ್ನುವುದು ಅದಕ್ಕೇ.

ಮಳೆಗೆ ಮುಂಚೆ ಯಾವ ಲಸಿಕೆ ಹಾಕಿಸಿರಬೇಕು?

ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ, ನಾಲ್ಕು ತಿಂಗಳು ದಾಟಿದ ಕರುಗಳಿಗೂ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ, ಮನೆ ಬಾಗಿಲಿಗೆ ಬಂದು ಹಾಕುತ್ತಾರೆ. ಕಿವಿಗೆ ಹಳದಿ ಓಲೆ ಹಾಕಿಸಿರಬೇಕು. ಅದರ ಹನ್ನೆರಡು ಅಂಕಿಯ ನಂಬರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ವಿಮೆಗೂ ಬೇಕು. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮೇ ತಿಂಗಳೊಳಗೆ. ಚರ್ಮಗಂಟು ರೋಗ 2022ರಲ್ಲಿ ರಾಜ್ಯದಲ್ಲೆಲ್ಲ ಹರಡಿದ ಮೇಲೆ ಅದಕ್ಕೂ ಲಸಿಕೆ ಹಾಕುತ್ತಿದ್ದಾರೆ. ಕಂದು ರೋಗದ್ದು (ಬ್ರುಸೆಲ್ಲೋಸಿಸ್) ಹೆಣ್ಣು ಕರುಗಳಿಗೆ ಮಾತ್ರ, ನಾಲ್ಕರಿಂದ ಎಂಟು ತಿಂಗಳ ನಡುವೆ ಒಂದೇ ಸಲ. ಲಸಿಕೆ ಹಾಕಿದ ಒಂದೆರಡು ದಿನ ಹಾಲು ಸ್ವಲ್ಪ ಇಳಿಯುವುದುಂಟು. ಅದಕ್ಕೆ ಹೆದರಿ ಲಸಿಕೆಯವರು ಬಂದಾಗ ದನವನ್ನು ಗುಡ್ಡಕ್ಕೆ ಹೊಡೆದುಬಿಡುವ ಬುದ್ಧಿವಂತರೂ ಇದ್ದಾರೆ.

ದನ ಹಲಸಿನ ಹಣ್ಣು ತಿಂದರೆ?

ನಾಲ್ಕು ತೊಳೆ, ಒಂದಿಷ್ಟು ರಚ್ಚೆ ತಿಂದರೆ ಏನಾಗದು. ಬಿದ್ದು ಕೊಳೆತ ಹಣ್ಣನ್ನು ಹೊಟ್ಟೆ ತುಂಬ ತಿಂದರೆ ಹೊಟ್ಟೆ ಹುಳಿಯಾಗಿ ಉಬ್ಬರಿಸುತ್ತದೆ, ಮೆಲುಕು ನಿಲ್ಲುತ್ತದೆ, ಸಾಯುವುದೂ ಉಂಟು. ಏಪ್ರಿಲ್ ಮೇ ತಿಂಗಳಲ್ಲಿ ಹಲಸಿನ ಮರದ ಬುಡ ದಿನಾ ಬೆಳಗ್ಗೆ ಹೆಕ್ಕಿ ಚೊಕ್ಕ ಮಾಡಿದ ಮೇಲೆಯೇ ದನ ಬಿಡಿ.

ಹೇಂಟೆಯನ್ನು ಈಗ ಕಾವಿಗೆ ಕೂರಿಸಬಹುದೇ?

ಫೆಬ್ರವರಿ, ಮಾರ್ಚ್ ಚೆನ್ನಾಗಿ ನಡೆಯುತ್ತದೆ. ಮರಿಗಳು ಮಳೆಗೆ ಮುಂಚೆ ಗರಿ ಬಲಿತು ಓಡಾಡುವಷ್ಟಾಗುತ್ತವೆ. ಏಪ್ರಿಲ್ ನಂತರ ಮೊಟ್ಟೆ ಬಿಸಿಗೆ ಬೇಗ ಕೆಡುತ್ತದೆ, ವಾರಕ್ಕಿಂತ ಹಳೆಯದನ್ನು ಇಡಬೇಡಿ. ಒಂದು ನಾಟಿ ಹೇಂಟೆಗೆ ಹತ್ತರಿಂದ ಹನ್ನೆರಡು ಮೊಟ್ಟೆ, ಇಪ್ಪತ್ತೊಂದು ದಿನ. ವಾರವಾದ ಮೇಲೆ ಕತ್ತಲಲ್ಲಿ ಟಾರ್ಚಿಗೆ ಹಿಡಿದು ನೋಡಿ, ನರ ಕಾಣದ ಮೊಟ್ಟೆ ತೆಗೆಯಿರಿ. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವುದು ರೂಢಿ. ಇಡಿ, ನಷ್ಟವಿಲ್ಲ. ಆದರೆ ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಹನಿ ಹಾಕಿಸುವುದನ್ನು ಮರೆಯಬೇಡಿ. ಬೇಸಿಗೆಯಲ್ಲಿ ಈ ರೋಗ ಬಂದರೆ ಇಡೀ ಕೇರಿಯ ಗೂಡುಗಳು ಖಾಲಿ. ಗಿರಿರಾಜ ಕೋಳಿ ಕಾವಿಗೆ ಕೂರುತ್ತದೆಂದು ನಂಬಬೇಡಿ, ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಡಿ.

ಮರಿಗಳಿಗೆ ಶತ್ರು ಮೇಲೆ ಗಿಡುಗ, ಕೆಳಗೆ ಮುಂಗುಸಿ, ರಾತ್ರಿ ಕಬ್ಬೆಕ್ಕು. ಮೊದಲ ಮೂರು ವಾರ ಹೆಡಿಗೆಯಡಿ ಮುಚ್ಚಿಡುವುದೇ ದಾರಿ.

ಕೊಟ್ಟಿಗೆಯಲ್ಲಿ ಕಾಳಿಂಗ ಬಂದಿದೆ!

ಮಾರ್ಚಿನಿಂದ ಮೇ ತನಕ ಈ ಫೋನು ಬರುತ್ತಲೇ ಇರುತ್ತದೆ. ಇದು ಅದರ ಕೂಡುವ ಕಾಲ, ಗಂಡುಗಳು ಹೆಣ್ಣನ್ನು ಹುಡುಕುತ್ತ ಅಲೆಯುತ್ತವೆ. ಕೊಟ್ಟಿಗೆಗೆ ಬರುವುದು ಕೇರೆ, ನಾಗರಗಳ ಬೆನ್ನು ಹತ್ತಿ. ಅವು ಬರುವುದು ಹಿಂಡಿ ಚೀಲದ ಇಲಿಗೆ. ದನ, ಮನುಷ್ಯರು ಅದರ ಊಟವಲ್ಲ. ದನವನ್ನು ಹಿಂದಿನ ಬಾಗಿಲಿಂದ ಬಿಡಿಸಿ ಹೊರಗೆ ಕಟ್ಟಿ, ನಾಯಿಯನ್ನು ಮನೆಯೊಳಗೆ ಹಾಕಿ, ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಹೆಚ್ಚಿನ ಸಲ ಅವರು ಬರುವುದರೊಳಗೆ ಅದೇ ಹೋಗಿರುತ್ತದೆ. 2005ರಿಂದ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಇರುವುದರಿಂದ ನಮ್ಮ ಕಡೆಯ ಜನಕ್ಕೆ ಇದರ ಬಗ್ಗೆ ತಿಳುವಳಿಕೆ ಹೆಚ್ಚು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ನಮ್ಮ ಮಾತಿನ ಕಾಳಿಂಗ ಎಂಬ ಹೆಸರನ್ನೇ ಅದಕ್ಕೆ ಇಟ್ಟರು. ಹೊಡೆದು ಕೊಂದರೆ ಜೈಲು.

ನಿಜಕ್ಕೂ ಹೆದರಬೇಕಾದ್ದು ಹುಲ್ಲಿನ ಗೊಣಬೆಯ ಅಡಿಯ ಕೊಳಕುಮಂಡಲಕ್ಕೆ. ಬೆಳಗಿನ ಕತ್ತಲಲ್ಲಿ ಹುಲ್ಲು ಸೆಳೆಯುವ ಮುಂಚೆ ಕೋಲಿನಿಂದ ತಟ್ಟಿ, ಟಾರ್ಚ್ ಹಾಕಿ.

ಜೇನುಪೆಟ್ಟಿಗೆ ಇಡಲು ಇದು ಸಮಯವೇ?

ಪೆಟ್ಟಿಗೆ ಇಟ್ಟವರಿಗೆ ಇದು ಸುಗ್ಗಿ. ನೇರಳೆ ಜಾತಿಯ ಮರಗಳು, ಕಾಡುಹೂಗಳು ಬಿರಿದು ತುಡುವೆ ಜೇನು ಬಿಡುವಿಲ್ಲದೆ ಹಾರುತ್ತದೆ. ಜೇನುಕೋಣೆಯ ಎರಿಗಳನ್ನು ಹುಳು ಮೇಣದಿಂದ ಮುಚ್ಚಿದ ಮೇಲೆಯೇ ತುಪ್ಪ ತೆಗೆಯಿರಿ. ಅವಸರಕ್ಕೆ ತೆಗೆದ ತುಪ್ಪ ನೀರಾಗಿ ಹುಳಿ ಬರುತ್ತದೆ. ಕೆಳಗಿನ ಸಂಸಾರ ಕೋಣೆಗೆ ಕೈ ಹಾಕಬೇಡಿ, ಮಳೆಗಾಲದ ಊಟ ಅಲ್ಲಿದೆ. ಹತ್ತಿರದಲ್ಲಿ ತಟ್ಟೆಯಲ್ಲಿ ನೀರಿಟ್ಟು ಮುಳುಗದಂತೆ ಕಲ್ಲು ಹಾಕಿ. ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು ಇಲ್ಲದಿದ್ದರೆ ಇರುವೆ ಮುತ್ತಿ ಇಡೀ ಸಂಸಾರ ಹಾರಿಹೋಗುತ್ತದೆ.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂದು ದಕ್ಷಿಣದ ತುಡುವೆ ಪೆಟ್ಟಿಗೆಗಳು ಬಹುಪಾಲು ಖಾಲಿಯಾದವು. ಅಟ್ಟದ ಮೇಲೆ ಖಾಲಿ ಪೆಟ್ಟಿಗೆ ಇರುವ ಹಳೆ ಮನೆ ಕಂಡರೆ ಕಾರಣ ಬಹುಶಃ ಅದೇ. ಹಾಗಾಗಿ ದೂರದ ಊರಿಂದ ಸಂಸಾರ ಕೊಂಡು ತರುವುದಕ್ಕಿಂತ ನಿಮ್ಮದೇ ಗುಡ್ಡದ ಪೊಟರೆಯಿಂದ ಹಿಡಿದದ್ದು ಅಥವಾ ಪಕ್ಕದವರ ಪೆಟ್ಟಿಗೆ ಪಾಲಾದಾಗ ಪಡೆದದ್ದು ವಾಸಿ.

ಚಿರತೆ ನಾಯಿ ಹೊತ್ತ ಸುದ್ದಿ ಇದೆ. ಏನು ಮಾಡುವುದು?

ಕತ್ತಲಾದ ಮೇಲೆ ನಾಯಿಯನ್ನು ಜಗಲಿಯ ಒಳಗೆ ಸೇರಿಸಿ. ಸರಪಳಿಯಲ್ಲಿ ಅಂಗಳದಲ್ಲಿ ಕಟ್ಟಿದ ನಾಯಿಗೆ ಓಡುವ ಅವಕಾಶವೂ ಇಲ್ಲ. ಮೊಳೆ ಹೊಡೆದ ಕುತ್ತಿಗೆಪಟ್ಟಿ ಹಿಂದಿನಿಂದಲೂ ಇದೆ, ಸ್ವಲ್ಪ ಉಪಯೋಗ. ಕರುವಿರುವ ಕೊಟ್ಟಿಗೆಗೆ ಬಾಗಿಲು ಇರಲಿ, ಬರೀ ಗಳು ಅಡ್ಡ ಇಟ್ಟರೆ ಸಾಲದು. ವರ್ಷಕ್ಕೊಮ್ಮೆ ನಾಯಿಗೆ ರೇಬೀಸ್ ಚುಚ್ಚುಮದ್ದು.

ಗೋಬರ್ ಗ್ಯಾಸ್ ಬೇಸಿಗೆಯಲ್ಲಿ ಹೆಚ್ಚು ಬರುತ್ತದಂತೆ, ಹೌದೇ?

ಹೌದು, ಸೆಕೆಗೆ ಚೆನ್ನಾಗಿ ಬರುತ್ತದೆ. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ದೊಡ್ಡ ದನ. ಎರಡು ದನದವರು ಚಿಕ್ಕದು ಕಟ್ಟಿಸಿ.

ಏಪ್ರಿಲ್ ಮೇ ತುಂಬ ಮದುವೆ. ಮನೆಯವರೆಲ್ಲ ಹೋದರೆ ಹಾಲು ಕರೆಯುವವರು ಯಾರು?

ದನ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಒಬ್ಬರು ಉಳಿಯಬೇಕು, ಅಷ್ಟೇ. ಉಳಿಯುವವರು ಯಾವಾಗಲೂ ಮನೆಯ ಹೆಂಗಸೇ ಆಗುತ್ತಾರೆ ಎನ್ನುವುದನ್ನು ಗಂಡಸರು ಗಮನಿಸಲಿ. ಹಾಲು ಕರೆಯಲು ಕಲಿತ ಗಂಡಸಿಗೆ ಯಾರೂ ಮದುವೆಗೆ ಬರಬೇಡ ಅನ್ನುವುದಿಲ್ಲ. ಪಕ್ಕದ ಮನೆಯವರೊಂದಿಗೆ ಸರತಿ ಇಟ್ಟುಕೊಳ್ಳಬಹುದು, ಆದರೆ ಹಸುವಿಗೆ ಅವರ ಕೈ ಪರಿಚಯ ಮೊದಲೇ ಆಗಿರಬೇಕು. ಮದುವೆಯ ಹಿಂದಿನ ದಿನ ಪರಿಚಯಿಸಿದರೆ ಹಾಲು ಏರಿಸಿಕೊಳ್ಳುತ್ತದೆ, ಒದೆ ಬೇರೆ. ಕರೆಯದೆ ಒಂದು ಹೊತ್ತು ಬಿಟ್ಟರೆ ಕೆಚ್ಚಲು ಬಾವು ಬರುವ ಭಯವಿದೆ. ಗಿಡ್ಡವಾದರೆ ಕರುವನ್ನು ತಾಯಿಯ ಹತ್ತಿರ ಕುಡಿಯಲು ಬಿಟ್ಟು ಹೊರಟುಹೋಗಬಹುದು, ಇದು ಅದರ ಪರವಾಗಿ ಇನ್ನೊಂದು ಮಾತು.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನೋಡಲು ಬರಬಹುದೇ?

ಬನ್ನಿ. ಹಾಲು ಕರೆಯುವ ಹೊತ್ತಿಗೆ ಬಂದರೆ ಸದ್ದು ಮಾಡದೆ ನಿಲ್ಲಿ, ಹಸುವಿನ ಹಿಂದೆ ನಿಲ್ಲಬೇಡಿ. ಹೊಸದಾಗಿ ಕರು ಹಾಕಿದ ತಾಯಿಯ ಮತ್ತು ಕಾವಿಗೆ ಕೂತ ಹೇಂಟೆಯ ಹತ್ತಿರ ಮಕ್ಕಳು ಬೇಡ. ಕಾಲು ಮುಚ್ಚುವ ಶೂ ಹಾಕಿಸಿ. ಗುಡ್ಡಕ್ಕೆ ಹತ್ತಿಸುವುದು ಮಳೆ ಹಿಡಿದ ಮೇಲೆ, ಆಗ ಉಣುಗಿನ ಬದಲು ಇಂಬಳ (ಜಿಗಣೆ). ಬರುವಾಗ ಪೇಟೆಯಿಂದ ಹಿಂಡಿ ಚೀಲ ಏನಾದರೂ ಬೇಕೇ ಎಂದು ಒಂದು ಫೋನ್ ಮಾಡಿ, ಬೇಕೇ ಇರುತ್ತದೆ.